ಮಳೆಗಾಲದಲ್ಲೂ ಆಯಿಲ್ ಪೇಂಟಿಂಗ್ ಒಣಗಿಸಿದ ಕತೆ

"ಮಳೆಗಾಲದಲ್ಲಿ ಆಯಿಲ್ ಮುಟ್ಟಬೇಡ ಮಾರಾಯ, ಬೇಗ ಒಣಗುವ ಅಕ್ರಿಲಿಕ್ ಬಣ್ಣದಲ್ಲಿ ಮಾಡು." ಆರೇಳು ವರ್ಷದಿಂದ ಇದನ್ನೇ ಕೇಳಿಕೊಂಡು ಬಂದೆ. ತೀರ್ಥಹಳ್ಳಿ ಕಡೆ ಜುಲೈನಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಚಿತ್ರ ಒಣಗುತ್ತಾ ಅಂತ ಎಲ್ಲರ ವಾದ. ಕಳೆದ ಮಳೆಗಾಲ 22 ಚಿತ್ರವೋ 23 ಚಿತ್ರವೋ ಮುಗಿಸಿದೆ. ಒಂದಕ್ಕೂ ಬೂಷ್ಟು ಹಿಡಿದಿಲ್ಲ.

ಮೊದಲ ವರ್ಷ ಅಗ್ಗ ಅಂತ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ ತಂದಿದ್ದೆ. ಮುಂದೆ ಮಾತ್ರ ಗೆಸ್ಸೊ, ಅಂದರೆ ಬಣ್ಣದ ಅಡಿಗೆ ಬಳಿಯುವ ಬಿಳಿ ಲೇಪ, ಹಚ್ಚಿ ಹಿಂಭಾಗ ಹಾಗೇ ಬಿಟ್ಟೆ. ಆಗಸ್ಟ್ ಹೊತ್ತಿಗೆ ಅಂಚು ಉಬ್ಬಿ ಹಪ್ಪಳವಾಯಿತು. 14 ಹಲಗೆ ಒಲೆಗೆ ಹೋದವು. ಮರುವರ್ಷ ಬಚ್ಚಲೊಲೆಯ ಮೇಲಿನ ಅಟ್ಟಕ್ಕೆ ಏರಿಸಿದೆ. ಕೊಬ್ಬರಿ ಒಣಗುವ ಜಾಗ, ಚಿತ್ರ ಒಣಗದೇ ಇರುತ್ತಾ? ಒಣಗಿತು, ಮಸಿ ಸಮೇತ. ಕುಂದಾದ್ರಿ ಮೇಲಿನ ಬಿಳಿ ಮೋಡವೆಲ್ಲ ಕಾಫಿ ಬಣ್ಣ.

ಕೊನೆಗೆ ಗೆದ್ದದ್ದು ಹಳೇ ಕಬ್ಬಿಣದ ಬೀರು. ಗುಜರಿಯಲ್ಲಿ 900 ರೂಪಾಯಿ. ಕೆಳಗೊಂದು, ಮೇಲೊಂದು ತೂತು, 60 ವ್ಯಾಟ್ ಬಲ್ಬು, ಕಂಪ್ಯೂಟರಿನ ಹಳೇ ಫ್ಯಾನು. ಫ್ಯಾನು ಮಾತ್ರ ತಪ್ಪಿಸಬೇಡಿ. ಆಯಿಲ್‌ಗೆ ಬೇಕಾದ್ದು ಗಾಳಿ, ಸುಮ್ನೆ ಕಾಯಿಸಿದರೆ ಬೆಚ್ಚಗಾಗುತ್ತೆ ಅಷ್ಟೇ. ಟರ್ಪೆಂಟೈನ್ ಒರೆಸಿದ ಬಟ್ಟೆಯನ್ನು ಬೀರುವಿನ ಹತ್ತಿರವೂ ಇಡಬೇಡಿ, ಬೆಂಕಿ ಹತ್ತೀತು. ತಳಕ್ಕೆ ಬೇಗ ಒಣಗುವ ಕಂದು ಬಣ್ಣ ಬರ್ಂಟ್ ಅಂಬರ್, ಮೇಲಿನ ಬಣ್ಣಕ್ಕೆ ಬೇಗ ಒಣಗಲು ಬೆರೆಸುವ ಆಲ್ಕಿಡ್ ಮೀಡಿಯಂ. ಮೂರು ವಾರ ಹಿಡಿಯುತ್ತಿದ್ದದ್ದು ಈಗ ನಾಲ್ಕೈದು ದಿನ. ಬಿಳಿಗೆ ನಾನು ಇನ್ನೊಂದು ಸೇರಿಸುತ್ತೇನೆ. ಅದು ನನ್ನ ಹತ್ತಿರವೇ ಇರಲಿ. ಬೀರುವಿನೊಳಗೆ ಹಗಲು ಬೆಳಕಿಲ್ಲದೆ ಚಿತ್ರ ಸ್ವಲ್ಪ ಹಳದಿ ತಿರುಗುತ್ತೆ. ಅಕ್ಟೋಬರಿನಲ್ಲಿ ಕಿಟಕಿ ಬಳಿ ಒಂದು ವಾರ ಇಟ್ಟರೆ ಬಹುಪಾಲು ಇಳಿಯುತ್ತೆ.

ಮಧ್ಯೆ ಒಂದು ಹುಚ್ಚು. ಆಯಿಲ್ ಬಣ್ಣದಲ್ಲಿರುವ ಅಗಸೆ ಎಣ್ಣೆಯಂತೆ ಹುಚ್ಚೆಳ್ಳು ಎಣ್ಣೆಯೂ ಒಣಗುವ ಜಾತಿಯದ್ದೇ ಅಲ್ವಾ ಅಂತ ಗಾಣದಿಂದ ಅರ್ಧ ಲೀಟರ್ ತಂದು ಬಣ್ಣ ಅರೆದೆ. ಎರಡು ತಿಂಗಳಾದರೂ ಜಿಗುಟು. ಮೇಲೆ ಮೂರು ನೊಣ. ಉಳಿದ ಎಣ್ಣೆ ಚಟ್ನಿಪುಡಿಗೆ ಹೋಯಿತು.

ಹೊರಗೆ ಕೂತು ಬರೆಯಲು ಛತ್ರಿ ಪ್ರಯೋಜನವಿಲ್ಲ. ಗಾಳಿಗೆ ಈಸೆಲ್ (ಚಿತ್ರ ನಿಲ್ಲಿಸುವ ಸ್ಟ್ಯಾಂಡು) ಸಮೇತ ಹಾರುತ್ತೆ. ನಾನು ನಾಟಿಯವರು ಮಳೆಗೆ ತಲೆ-ಬೆನ್ನಿಗೆ ಹೊದೆಯುವ ಗೊರಬು ಹಾಕಿಕೊಂಡು, ಬಣ್ಣದ ಪೆಟ್ಟಿಗೆ ತೊಡೆ ಮೇಲಿಟ್ಟು ಬಗ್ಗಿ ಕೂರುತ್ತೇನೆ. ಎರಡೂ ಕೈ ಖಾಲಿ. ಗದ್ದೆಯ ಹೆಂಗಸರು ನಕ್ಕಿದ್ದು ಒಂದು ವಾರ ಮಾತ್ರ. ನಾಲ್ಕು ಹನಿ ಚಿತ್ರದ ಮೇಲೆ ಬಿದ್ದರೆ ಏನೂ ಆಗಲ್ಲ. ಬಣ್ಣ ಕಲಸುವ ಪ್ಯಾಲೆಟ್ ಮೇಲೆ ಬಿದ್ದು ಬಣ್ಣಕ್ಕೆ ಬೆರೆತರೆ ಮಾತ್ರ ಮೊಸರಾಗುತ್ತೆ, ಕೆರೆದು ಬಿಸಾಡಬೇಕು. ಟ್ಯೂಬಿನ ಹಸಿರು ಬಿಟ್ಟು ನಾಲ್ಕು ವರ್ಷವಾಯಿತು. ಐವರಿ ಬ್ಲ್ಯಾಕ್‌ಗೆ ಲೆಮನ್ ಯೆಲ್ಲೊ ಸೇರಿಸಿದರೆ ಆಷಾಢದ ಕಾಡು ತಾನಾಗೇ ಬರುತ್ತೆ.

ಹೊರಗೆ ಕೂತು ಬರೆಯುವ ಸಣ್ಣ ಹಲಗೆಗಳೆಲ್ಲ 9 ಇಂಚಿಗೆ 12. ಅದನ್ನು ನವೆಂಬರ್ ನಂತರ 3 ಅಡಿಗೆ 4 ಅಡಿ ಮಾಡುತ್ತೇನೆ. ಅಳತೆ ನಾಲ್ಕು ಪಟ್ಟು, ಬಣ್ಣ ಹದಿನಾರು ಪಟ್ಟು! ಮೊದಲ ದೊಡ್ಡ ಚಿತ್ರಕ್ಕೆ ಈ ಲೆಕ್ಕ ಹಾಕದೆ ಬಿಳಿಯ 200 ಎಂಎಲ್ ಟ್ಯೂಬು ಅರ್ಧ ಆಕಾಶಕ್ಕೇ ಮುಗಿಯಿತು. ಅದನ್ನು ಫೋಟೋ ನೋಡಿ ಮಾಡಿದ್ದೆ. ಕ್ಯಾಲೆಂಡರ್ ಥರ ಆಯಿತು. ಈಗ ಫೋಟೋ ತೆಗೆಯುವುದೇ ಇಲ್ಲ. ಸಣ್ಣ ಹಲಗೆ ಒಂದನ್ನೇ ಎದುರಿಗಿಟ್ಟು, ಅದರಲ್ಲಿ ಇಲ್ಲದ್ದನ್ನು ದೊಡ್ಡದಕ್ಕೆ ಸೇರಿಸುವುದಿಲ್ಲ.

ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಯಲ್ಲಿ, ಕುಮಾರಕೃಪಾ ರಸ್ತೆಯ ಬದಿಯಲ್ಲಿ, ಸಣ್ಣವು 1,500ರಿಂದ 2,000ದಂತೆ 17 ಹೋದವು. ದೊಡ್ಡದು ಒಂದೇ, 38,000ಕ್ಕೆ. ಚೌಕಟ್ಟು, ಬಣ್ಣ, ಟೆಂಪೋ ಎಲ್ಲ ಕಳೆದು ಕೈಗೆ ಸುಮಾರು 40,000 ಉಳಿಯಿತು. ಮಳೆಗಾಲದ ಚಿತ್ರಗಳೇ ಜಾಸ್ತಿ ಹೋದದ್ದು. ಬೆಂಗಳೂರಿನವರಿಗೆ ಮಳೆ ಗೋಡೆ ಮೇಲಿದ್ದರೆ ಇಷ್ಟ.

ಬೇಸಿಗೆ ಇನ್ನೂ ಕೈಗೆ ಹತ್ತಿಲ್ಲ. ಮಾರ್ಚಿನಲ್ಲಿ ಶಿಕಾರಿಪುರದ ಕಡೆ ಹೋಗಿ ಮುತ್ತುಗದ ಹೂ ಬರೆದೆ. ಹಲಗೆಯಲ್ಲಿ ಉರಿಯುತ್ತಿದ್ದ ಕೇಸರಿ ದೊಡ್ಡ ಕ್ಯಾನ್ವಾಸಿಗೆ ಬಂದಾಗ ಪಂಚಾಯ್ತಿ ಬ್ಯಾನರ್ ಆಯಿತು. ಎರಡು ಸಲ ಕೆರೆದೆ. ಸದ್ಯ ಗೋಡೆಗೆ ಮುಖ ಮಾಡಿ ನಿಂತಿದೆ.