ಪುಣೆಯ ದಫ್ತರಕ್ಕೆ ಎರಡನೆಯ ಸಲ

ನಮ್ಮದು ಹಳೆಯ ಧಾರವಾಡ ಜಿಲ್ಲೆಯ ಗೌಡಕಿ ಮನೆತನ. ವಂಶಾವಳಿ ಹುಡುಕಲು ಪೇಶ್ವೆಯರ ಕಾಲದ ಸರಕಾರಿ ಕಾಗದಗಳಿರುವ ಪುಣೆಯ ಪೇಶ್ವೆ ದಫ್ತರಕ್ಕೆ ಮೊದಲ ಸಲ ಹೋದಾಗ ನನ್ನ ಬಳಿ ಇದ್ದದ್ದು ಅಡ್ಡಹೆಸರು ಮತ್ತು ಊರಿನ ಹೆಸರು, ಎರಡೇ. ಮೂರು ದಿನ ಕುಳಿತು ಬರಿಗೈಯಲ್ಲಿ ಹುಬ್ಬಳ್ಳಿಯ ರೈಲು ಹತ್ತಿದೆ. ಅಲ್ಲಿನ ಕಾಗದಗಳನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿಟ್ಟಿದ್ದಾರೆ. ಆ ಗಂಟಿಗೆ ರುಮಾಲು ಎನ್ನುತ್ತಾರೆ. ಅಂಥವು ಸಾವಿರ ಸಾವಿರ ಇವೆ. ಯಾವ ಪರಗಣೆ, ಯಾವ ಕಾಲ ಎಂದು ಹೇಳಲು ಬಾರದವನಿಗೆ ಯಾವ ಗಂಟು ಬಿಚ್ಚಿ ತೋರಿಸಬೇಕು?

ಪುಣೆಯೇ ಏಕೆ ಎಂದು ಮನೆಯಲ್ಲಿ ಎಲ್ಲರೂ ಕೇಳಿದರು. ನಮ್ಮ ಸೀಮೆ ಪೇಶ್ವೆಯರ ಕೈಯಲ್ಲಿತ್ತು. ಆಮೇಲೆ 1956ರಲ್ಲಿ ರಾಜ್ಯ ಒಂದಾಗುವವರೆಗೂ ಮುಂಬಯಿ ಆಡಳಿತದಲ್ಲಿತ್ತು. ಇನಾಂ, ಅಂದರೆ ಕಂದಾಯ ಬಿಟ್ಟುಕೊಟ್ಟ ಭೂಮಿಯ ಹಕ್ಕುಗಳ ವಿಚಾರಣೆಗೆ 1852ರಲ್ಲಿ ಕಾಯ್ದೆಯೇ ಬಂತು. ಭೂಮಿ ತಮ್ಮದೆಂದು ಸಾಧಿಸಲು ಮನೆತನಗಳು ಮೂಲಪುರುಷನಿಂದ ಹಿಡಿದು ಪೀಳಿಗೆಗಳನ್ನು ಬರೆದುಕೊಡಬೇಕಾಯಿತು. ಆ ಕಾಗದಗಳು ಪುಣೆಯ ದಫ್ತರದಲ್ಲಿವೆ. ವಂಶ ಹುಡುಕುವವರಿಗೆ ಇದಕ್ಕಿಂತ ದೊಡ್ಡ ಗಣಿ ನಾನು ಕಂಡಿಲ್ಲ.

ಎರಡನೆಯ ಪ್ರಯಾಣಕ್ಕೆ ಎಂಟು ತಿಂಗಳು ಮನೆಯಲ್ಲೇ ತಯಾರಿ ನಡೆಸಿದೆ. ಅಜ್ಜಿಯ ಟ್ರಂಕಿನಲ್ಲಿದ್ದ ವಾಟ್ನಿಪತ್ರ (ಆಸ್ತಿ ಪಾಲಿನ ಪತ್ರ), ಹೊಲದ ಹಳೆಯ ಉತಾರಗಳನ್ನು ಹೊರತೆಗೆದೆ. ಆದರೆ ದಾರಿ ತೋರಿಸಿದ್ದು ಕಾಗದವಲ್ಲ, ಮನೆ ಮನೆಗೆ ಬಂದು ವಂಶಾವಳಿ ಹೇಳುವ ನಮ್ಮ ಮನೆಯ ಹೆಳವರು. ಸುಗ್ಗಿ ಮುಗಿದ ಮೇಲೆ ಬಂದು ಹೊಸ್ತಿಲ ಮುಂದೆ ನಿಂತು ಕುಲ ಹೊಗಳುವಾಗ, ಚಿಕ್ಕಂದಿನಿಂದ ಕೇಳಿಯೂ ಕಿವಿಗೆ ಹಾಕಿಕೊಳ್ಳದ ಒಂದು ಮಾತನ್ನು ಅಂದು ಹಿಡಿದುಕೊಂಡೆ. ನಮ್ಮ ಹಿರಿಯರು ಈ ಊರಿಗೆ ಬಂದವರು. ಮೂಲ ಊರು ಇಪ್ಪತ್ತು ಹರದಾರಿ ಆಚೆ. “ಅಲ್ಲಿಂದ ಎದ್ದು ಬಂದವರು ಯಾರು?” ಎಂದು ಕೇಳಿದೆ. ಹೆಳವರು ತಮ್ಮ ಪುಸ್ತಕ ತೆರೆದು ಆರು ಹೆಸರು ಬರೆಸಿದರು. ಅವರಿಗೆ ಸೀರೆ, ಜೋಳ ಕೊಟ್ಟು ಕಳಿಸಿದಾಗ ಅಮ್ಮನ ಕಣ್ಣು ತುಂಬಿತ್ತು.

ಹೆಸರುಗಳಲ್ಲಿ ಇನ್ನೊಂದು ತೊಡಕಿದೆ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ. ಬಸನಗೌಡನ ಮಗ ಲಿಂಗನಗೌಡ, ಅವನ ಮಗ ಮತ್ತೆ ಬಸನಗೌಡ. ಕಾಗದದಲ್ಲಿ “ಬಸನಗೌಡ ಬಿನ್ ಲಿಂಗನಗೌಡ” ಎಂದಿದ್ದರೆ ಅಜ್ಜನೋ ಮೊಮ್ಮಗನೋ ಹೇಳುವುದು ವರ್ಷ ಮಾತ್ರ. ಆ ವರ್ಷವನ್ನೂ ಅಂಕಿಯಲ್ಲಿ ಬರೆಯದೆ ಅರಬ್ಬಿ ಪದಗಳಲ್ಲಿ ಬರೆದಿರುತ್ತಾರೆ. “ಇಹಿದೆ ಮಯಾತೈನ ವ ಅಲಫ” ಎಂದರೆ ಒಂದು, ಇನ್ನೂರು, ಸಾವಿರ: 1201. ಇದು ಶುಹೂರ ಸನ್, ಮರಾಠರ ಕಾಗದಗಳಲ್ಲಿ ಬಳಸುತ್ತಿದ್ದ ವರ್ಷದ ಎಣಿಕೆ. 599 ಕೂಡಿಸಿದರೆ ಇಸವಿ 1800. ವರ್ಷ ಶುರುವಾಗುವುದು ಮೃಗಶಿರಾ ಮಳೆಗೆ, ಹಾಗಾಗಿ ಅದು 1800-01. ಕಂದಾಯದ ಲೆಕ್ಕದ ಫಸಲಿ ವರ್ಷಕ್ಕಾದರೆ 590 ಕೂಡಿಸಬೇಕು. ಈ ಪದಗಳ ಪಟ್ಟಿಯನ್ನು ಒಂದು ರಟ್ಟಿನ ಮೇಲೆ ಬರೆದು ಜೇಬಿನಲ್ಲಿಟ್ಟುಕೊಂಡೆ.

ಲಿಪಿ ಮೋಡಿ, ಮರಾಠಿಯ ಹಳೆಯ ಓಟದ ಬರಹ. ಪದಗಳ ನಡುವೆ ಜಾಗ ಬಿಡದೆ, ಹ್ರಸ್ವ ದೀರ್ಘದ ಭೇದವಿಲ್ಲದೆ ಓಡುವ ಅಕ್ಷರ. ಕನ್ನಡದ ಊರಿನ ಹೆಸರು ಅದರಲ್ಲಿ ಗುರುತೇ ಸಿಗದಂತಾಗುತ್ತದೆ. ನಾಲ್ಕು ತಿಂಗಳು ಕಲಿತೆ, ಓದಲು ಬಂದದ್ದು ಅರ್ಧ. ಆದ್ದರಿಂದ ಮೋಡಿ ಬಲ್ಲ ನಿವೃತ್ತ ಮಾಸ್ತರರೊಬ್ಬರನ್ನು ಎರಡು ದಿನಕ್ಕೆ ಗೊತ್ತು ಮಾಡಿದೆ. ನಮ್ಮ ಊರು, ಸುತ್ತಲಿನ ಹಳ್ಳಿಗಳು, ಆರು ಹೆಸರು, ಇವಿಷ್ಟನ್ನೂ ಮೋಡಿಯಲ್ಲಿ ಮೊದಲೇ ಬರೆಸಿಕೊಂಡೆ. ಕಣ್ಣು ಆ ಆಕಾರಕ್ಕೆ ಪಳಗಬೇಕು. ಉಳಿದದ್ದು ಸಣ್ಣ ಕೆಲಸ: ಫೋನ್ ಮಾಡಿ ರಜಾ ದಿನ ಕೇಳುವುದು, ಗುರುತಿನ ಚೀಟಿ, ಅರ್ಜಿ, ಪೆನ್ಸಿಲ್, ಭೂತಗನ್ನಡಿ.

ಎರಡನೆಯ ದಿನ ಮಧ್ಯಾಹ್ನ ಮಾಸ್ತರರು ಬೆರಳು ಒಂದು ಕಡೆ ನಿಲ್ಲಿಸಿ, “ನಿಮ್ಮ ಊರು ಇದೇ ಅಲ್ಲವೇ?” ಎಂದರು. ಮೇಲೆ ಮೂಲಪುರುಷ, ಕೆಳಗೆ ಗೆರೆ ಎಳೆದು ಮಕ್ಕಳು. ಹೆಳವರು ಹೇಳಿದ ಆರರಲ್ಲಿ ಐದು ಹೆಸರು ಅದೇ ಸಾಲಿನಲ್ಲಿದ್ದವು. ಆರನೆಯವನ ಜಾಗದಲ್ಲಿ ಅವನ ಹೆಂಡತಿಯ ಹೆಸರಿತ್ತು. ಗಂಡ ತೀರಿದ ಮೇಲೆ ವತನ, ಅಂದರೆ ವಂಶಕ್ಕೆ ಬಂದ ಗೌಡಕಿ, ನಡೆಸಿದವಳು. ಹೆಳವರ ಪುಸ್ತಕದಲ್ಲಿ ಆಕೆ ಇಲ್ಲ. ಈ ಸುಗ್ಗಿಗೆ ಅವರು ಬಂದಾಗ ಆಕೆಯ ಹೆಸರನ್ನು ಬರೆಸಬೇಕೆಂದು ನಕಲು ಪ್ರತಿಯನ್ನು ದೇವರ ಕೋಣೆಯಲ್ಲಿಟ್ಟಿದ್ದೇನೆ.