11 ಬಟನ್‌ನಿಂದ 2ಕ್ಕೆ: ಬೋರ್ ಮೋಟಾರ್ ಪ್ಯಾನಲ್ ಕಟ್ಟಿದ ನನ್ನ ಅನುಭವ

ಡಿಸ್‌ಪ್ಲೇ ಇಲ್ಲದ ಪ್ಯಾನಲ್ (ಬೋರ್ ಮೋಟಾರನ್ನ ಆನ್-ಆಫ್ ಮಾಡಿ ಕಾಯೋ ಡಬ್ಬ) ಈ ಕಾಲದಲ್ಲಿ ಯಾರು ತಗೋತಾರೆ ಅಂತ ನಮ್ಮ ಕಸುಬಿನವರೇ ಕೇಳಿದ್ದರು. ಅದಾಗಿ 3 ಬೇಸಿಗೆ ಕಳೆಯಿತು. ತಿಪಟೂರು, ತುರುವೇಕೆರೆ, ಅರಸೀಕೆರೆ ಕಡೆಯ ಸುಮಾರು 140 ತೋಟಗಳಲ್ಲಿ ನನ್ನ 2 ಬಟನ್ ಪ್ಯಾನಲ್ ಓಡ್ತಿದೆ. ವಾಪಸ್ ಬಂದದ್ದು ನಾಲ್ಕೋ ಐದೋ. ಅದಕ್ಕೇ ಧೈರ್ಯವಾಗಿ ಬರೀತಿದ್ದೀನಿ.

ಮೊದಲು ಮಾಡಿದ್ದು ಇದಕ್ಕೆ ಪೂರ್ತಿ ಉಲ್ಟಾ. ಡಿಜಿಟಲ್ ಬೋರ್ಡ್, ಸ್ಕ್ರೀನ್, 11 ಬಟನ್. ಓವರ್‌ಲೋಡ್ (ಎಷ್ಟು ಆಂಪ್ ದಾಟಿದರೆ ಮೋಟಾರ್ ನಿಲ್ಲಬೇಕು), ಡ್ರೈ ರನ್ (ನೀರಿಲ್ಲದೆ ಓಡಿದರೆ ನಿಲ್ಲಿಸೋದು), ಆಟೋ ಡಿಲೇ (ಕರೆಂಟ್ ಬಂದ ಎಷ್ಟು ಸೆಕೆಂಡಿಗೆ ತಾನೇ ಶುರುವಾಗಬೇಕು) ಎಲ್ಲವನ್ನೂ ರೈತರೇ ಸೆಟ್ ಮಾಡ್ಕೊಳ್ಳಲಿ ಅಂತ ಹೊರಗೇ ಕೊಟ್ಟಿದ್ದೆ. 22 ಪೀಸ್ ಹಾಕಿದೆ, ಮೊದಲ ಬೇಸಿಗೆಯಲ್ಲೇ 9 ವಾಪಸ್. ಅದರಲ್ಲಿ ಬೋರ್ಡ್ ಸತ್ತಿದ್ದು 4 ಮಾತ್ರ. ಉಳಿದ ಐದೂ ಚೆನ್ನಾಗೇ ಇದ್ದವು, ಸೆಟ್ಟಿಂಗ್ ಕೆಡಿಸ್ಕೊಂಡಿದ್ದರು ಅಷ್ಟೇ. ಪದೇ ಪದೇ ಟ್ರಿಪ್ ಆಗುತ್ತೆ ಅಂತ ಒಬ್ಬರು ಏಳೂವರೆ ಎಚ್‌ಪಿಗೆ ಓವರ್‌ಲೋಡನ್ನ 25 ಆಂಪ್‌ಗೆ ಏರಿಸಿಬಿಟ್ಟಿದ್ದರು. ಮೋಟಾರ್ ಸುಟ್ಟಿತು. 600 ಅಡಿಯಿಂದ ಎತ್ತಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸೋ ಹೊತ್ತಿಗೆ 18 ಸಾವಿರದ ಹತ್ತಿರ ಆಯ್ತು, ಅರ್ಧ ನಾನೇ ಕೊಟ್ಟೆ. ಆ ವರ್ಷ ಒಟ್ಟು 60 ಸಾವಿರ ಕೈಬಿಟ್ಟಿತು.

ದಾರಿ ತೋರಿಸಿದ್ದು ಒಬ್ಬ ಅಜ್ಜಿ. ಬೋರ್ಡ್ ಬದಲಿಸೋಕೆ ಹೋದಾಗ ನೋಡ್ತೀನಿ, ಒಂದು ಬಟನ್‌ಗೆ ಮಾತ್ರ ಕುಂಕುಮ ಇಟ್ಟಿದ್ದಾರೆ. ಒತ್ತಿ ಒತ್ತಿ ಅದರ ಮೇಲಿನ ಅಕ್ಷರ ಸವೆದುಹೋಗಿದೆ. ಮಿಕ್ಕ ಹತ್ತರ ಮೇಲೆ ಧೂಳು ಹಾಗೇ ಕೂತಿದೆ. "ಇದೊಂದ್ ಒತ್ತಿದ್ರೆ ನೀರ್ ಬತ್ತದೆ ಕಣಪ್ಪ, ಮಿಕ್ಕವ್ನ ಯಾಕಿಟ್ಟಿದೀಯ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಂತ ಬರೀ ಡಿಒಎಲ್ ಸ್ಟಾರ್ಟರ್‌ಗೆ (ಕರೆಂಟನ್ನ ನೇರವಾಗಿ ಮೋಟಾರ್‌ಗೆ ಕೊಡೋ ಸಾದಾ ಸ್ಟಾರ್ಟರ್) ವಾಪಸ್ ಹೋಗಿ ಅಂತ ನಾನು ಹೇಳ್ತಿಲ್ಲ. ಪಂಪ್‌ಸೆಟ್‌ಗೆ 3 ಫೇಸ್ ಕೊಡೋದೇ ದಿನಕ್ಕೆ 7 ಗಂಟೆ, ಅದೂ ಎಷ್ಟೋ ಸಲ ರಾತ್ರಿ. ಆಟೋ ಇಲ್ಲದಿದ್ದರೆ ರೈತರು ತೋಟದಲ್ಲೇ ಮಲಗಬೇಕು. ಒಂದು ಫೇಸ್ ಹೋದ ಕೂಡಲೇ ಕಟ್ ಆಗದಿದ್ದರೆ ಮೋಟಾರ್ ಉಳಿಯೋಲ್ಲ. ಹಾಗಾಗಿ ಪ್ರಿವೆಂಟರ್ (ಫೇಸ್ ಹೋದರೆ ಕಟ್ ಮಾಡೋದು), ಓವರ್‌ಲೋಡ್ ರಿಲೇ, ಟೈಮರ್ ಎಲ್ಲಾ ಒಳಗಿವೆ. ಹೊರಗಿದ್ದ ಸೆಟ್ಟಿಂಗ್ ಬಟನ್‌ಗಳನ್ನ ಮಾತ್ರ ತೆಗೆದೆ. ಟಾಂಗ್ ಟೆಸ್ಟರ್ (ವೈರ್ ಸುತ್ತ ಹಿಡಿದು ಆಂಪ್ ಅಳೆಯೋ ಮೀಟರ್) ಹಿಡಿದು ಬೋರ್ ಹತ್ತಿರ ನಿಂತು ನಾನೇ ಸೆಟ್ ಮಾಡಿ ಮುಚ್ಚಳ ಬಿಗಿದು ಬರ್ತೀನಿ. ಒಂದು ಪ್ಯಾನಲ್‌ಗೆ ಅರ್ಧ ದಿನ ಹಿಡಿಯುತ್ತೆ. ರೈತರ ತಲೆನೋವು ನನ್ನ ಪಾಲಿಗೆ ಬಂತು, ಅದು ಇರಬೇಕಾದ್ದೂ ಅಲ್ಲೇ.

ಹೆಚ್ಚು ಸತಾಯಿಸಿದ್ದು ಆಟೋ ಡಿಲೇ. ಒಂದೇ ಟಿಸಿ (ಟ್ರಾನ್ಸ್‌ಫಾರ್ಮರ್) ಕೆಳಗಿನ ಎಂಟು ಹತ್ತು ಮೋಟಾರ್ ಕರೆಂಟ್ ಬಂದ ತಕ್ಷಣ ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿದು, ಕಾಂಟ್ಯಾಕ್ಟರ್ (ಕಾಯಿಲ್ ಸೆಳೆತದಿಂದ ಮೋಟಾರ್‌ಗೆ ಕರೆಂಟ್ ಸೇರಿಸೋ ಸ್ವಿಚ್) ಗರ್ ಅಂದು ಎಲ್ಲಾ ಬಿದ್ದುಹೋಗ್ತವೆ. ಸೆಟ್ಟಿಂಗ್ ಹೊರಗಿದ್ದಾಗ ನನ್ನ ನೀರು ಮೊದಲು ಬರಲಿ ಅಂತ ಎಲ್ಲರೂ ಸೊನ್ನೆಗೆ ಇಳಿಸ್ತಿದ್ದರು. ಈಗ ಟಿಸಿ ನೋಡಿ ಒಂದೊಂದಕ್ಕೂ ಬೇರೆ ಬೇರೆ ಸೆಕೆಂಡ್ ಕೊಡ್ತೀನಿ. ಆ ಲೆಕ್ಕವನ್ನೂ, ಕಡಿಮೆ ವೋಲ್ಟೇಜಿನಲ್ಲಿ ಹಿಡಿದು ನಿಲ್ಲೋ ಕಾಯಿಲ್ ಎಲ್ಲಿ ಸುತ್ತಿಸ್ತೀನಿ ಅನ್ನೋದನ್ನೂ ಇಲ್ಲಿ ಬಿಟ್ಟುಕೊಡೋಲ್ಲ.

ಸ್ಕ್ರೀನ್ ಜಾಗಕ್ಕೆ ಹಳೇ ಮುಳ್ಳಿನ ಆಂಪ್ ಮೀಟರ್ ಹಾಕಿದೆ. ಮನೆಯಲ್ಲಿದ್ದ ಹಸಿರು ನೇಲ್ ಪಾಲಿಶ್‌ನಲ್ಲಿ ಗಾಜಿನ ಮೇಲೆ ಪಟ್ಟಿ ಎಳೆದೆ, ಏಳೂವರೆ ಎಚ್‌ಪಿಗೆ ಹೆಚ್ಚುಕಡಿಮೆ 11ರಿಂದ 15 ಆಂಪ್. ಮುಳ್ಳು ಪಟ್ಟಿಯೊಳಗಿದ್ದರೆ ಸರಿ. ಕೆಳಗಿಳಿದರೆ ಬೋರಲ್ಲಿ ನೀರು ಸಾಲ್ತಿಲ್ಲ. ಮೇಲೇರಿದರೆ ಆಫ್ ಮಾಡಿ ನನಗೆ ಫೋನ್ ಮಾಡಿ ಅಂತೀನಿ. ನನ್ನ ಇಡೀ ಕೆಲಸದಲ್ಲಿ ನನಗೆ ಹೆಮ್ಮೆ ಇರೋದು ಈ ಪಟ್ಟಿ ಮೇಲೇ.

ನಡುವೆ ಇರುವೆ, ಹಲ್ಲಿ ಕಾಟಕ್ಕೂ ಏನೇನೋ ಮಾಡಿದೆ. ನುಸಿ ಗುಳಿಗೆ ಇಟ್ಟೆ, ಎರಡು ತಿಂಗಳಲ್ಲಿ ಕರಗಿತು. ಬೇವಿನೆಣ್ಣೆ ಸವರಿದೆ, ಧೂಳು ಅಂಟಿ ಇನ್ನೂ ಕೆಟ್ಟಿತು. ಕೊನೆಗೆ ಕೇಬಲ್ ತೂತುಗಳಿಗೆ ರಬ್ಬರ್ ಬುಷ್ ಹಾಕಿ ಎಂ-ಸೀಲ್ ಮೆತ್ತಿದೆ. ಖರ್ಚು 40 ರೂಪಾಯಿ ಇರಬಹುದು.

ಸಿಮ್ ಹಾಕೋ ಮೊಬೈಲ್ ಸ್ಟಾರ್ಟರ್ ತೋಟದಿಂದ ದೂರ ಇರೋರಿಗೆ ಬೇಕೇ ಬೇಕು, ಅಂಥವರಿಗೆ ನಾನೇ ಹಾಕಿಕೊಡ್ತೀನಿ. ಮನೆ ಮುಂದೇ ಬೋರ್ ಇರೋರಿಗೆ ಬೇಡ ಅಂತೀನಿ.

ಹಳೇ 11 ಬಟನ್ ಪ್ಯಾನಲ್‌ಗೆ ನನಗೆ 5,200 ಬೀಳ್ತಿತ್ತು, ಈ 2 ಬಟನ್ ಪ್ಯಾನಲ್‌ಗೆ 3,400 ಆಸುಪಾಸು. 5,000ಕ್ಕೆ ಕೊಡ್ತೀನಿ. ಈಗ 10 ಎಚ್‌ಪಿ ಸ್ಟಾರ್-ಡೆಲ್ಟಾಗೂ (ದೊಡ್ಡ ಮೋಟಾರನ್ನ ಮೊದಲು ಕಡಿಮೆ ಕರೆಂಟಲ್ಲಿ ಎಬ್ಬಿಸೋ ಸ್ಟಾರ್ಟರ್) ಇದೇ ಮಾದರಿ ಕಟ್ತಿದ್ದೀನಿ. ಟೈಮರ್ ಕೂರಿಸೋಕೆ ಜಾಗ ಸಾಲದೆ ಡಬ್ಬ ಎರಡಿಂಚು ಎತ್ತರ ಮಾಡಿಸೋಕೆ ಕೊಟ್ಟಿದ್ದೀನಿ. ಹೊರಗೆ ಅದಕ್ಕೂ ಎರಡೇ ಬಟನ್.