ಮಿದುಳಿನ ಪೆಟ್ ಸ್ಕ್ಯಾನ್: ನಮ್ಮ ಪಿಜಿ ಹುಡುಗರಿಗೆ ನಾ ಹೇಳೋದು

ಪೆಟ್ ಅಂದ್ರ ವಿಕಿರಣ ಸೂಸೋ ವಸ್ತು (ಟ್ರೇಸರ್) ರಕ್ತಕ್ಕ ಕೊಟ್ಟು, ಅದು ಮೈಯಾಗ ಎಲ್ಲಿ ಸೇರ್ತದ ಅಂತ ನೋಡೋ ಸ್ಕ್ಯಾನ್. ಮೊದಲು ಪ್ರಶ್ನೆ ಗಟ್ಟಿ ಮಾಡ್ಕೊಳ್ರಿ. ಔಷಧಿ ಮಿದುಳಿನಾಗ ನಿಲ್ತದೇನು ಅನ್ನೋದು ಒಂದು, ಅಲ್ಲಿ ಉರಿಯೂತ ಅದೇನು ಅನ್ನೋದು ಇನ್ನೊಂದು.

ಮೊದಲನೇದಕ್ಕ ವಿಕಿರಣ ಸೂಸೋ ಕಾರ್ಬನ್-11 ಜೋಡಿಸಿದ ವೆರಾಪಮಿಲ್ ಅನ್ನೋ ಔಷಧಿ ಬಳಸ್ತಾರ. ಮಿದುಳಿನ ರಕ್ತನಾಳದ ಗೋಡ್ಯಾಗ ಇರೋ ಪಿ-ಗ್ಲೈಕೊಪ್ರೋಟೀನ್ ನಮ್ಮ ಬಹಮನಿ ಕೋಟೆ ಅಗಸಿ ಕಾವಲುಗಾರ ಇದ್ದಂಗ. ಬಂದ ಔಷಧಿಯನ್ನ ತಿರುಗಿ ರಕ್ತಕ್ಕ ದಬ್ತದ. ಟಾರಿಕ್ವಿಡಾರ್ ಅನ್ನೋ ಔಷಧಿ ಕೊಟ್ಟು ಆ ಕಾವಲುಗಾರನ್ನ ತಡೆದು, ಇನ್ನೊಮ್ಮೆ ಸ್ಕ್ಯಾನ್ ಮಾಡಿ ಹೋಲಿಸ್ರಿ.

ಆದ್ರ ಗಡಿಯಾರ ನೋಡ್ರಿ. ಕಾರ್ಬನ್-11 ಸುಮಾರು 20 ನಿಮಿಷಕ್ಕ ಅರ್ಧ ಆಗ್ತದ. ಹೈದರಾಬಾದಿನಿಂದ ಕಲಬುರಗಿಗೆ ತರಾಕ 4 ತಾಸು ಹಿಡಿದ್ರ 12 ಸಲ ಅರ್ಧ. ಸುಮಾರು ನಾಲ್ಕು ಸಾವಿರದಾಗ ಒಂದು ಪಾಲು ಅಷ್ಟೇ ಉಳೀತದ. ಇದನ್ನ ತಯಾರಿಸೋ ಯಂತ್ರ, ಸೈಕ್ಲೋಟ್ರಾನ್, ಇದ್ದಲ್ಲೇ ಹೋಗಿ ಮಾಡಬೇಕು. ಫ್ಲೋರಿನ್-18 ಆದ್ರ ಅರ್ಧ ಆಗಾಕ 110 ನಿಮಿಷ, ಐದರಾಗ ಒಂದು ಪಾಲರ ಕೈಗೆ ಸಿಗ್ತದ.

ಉರಿಯೂತಕ್ಕ, ಅದು ಇದ್ದಲ್ಲಿ ಹೆಚ್ಚಾಗೋ ಟಿಎಸ್‌ಪಿಒ ಪ್ರೋಟೀನಿಗೆ ಅಂಟೋ ಟ್ರೇಸರ್ ಬೇಕು. ಪಿಬಿಆರ್28 ಅನ್ನೋ ಟ್ರೇಸರ್ ಆದ್ರ, ಟಿಎಸ್‌ಪಿಒ ಜೀನಿನಾಗಿನ ಆರ್‌ಎಸ್6971 ಅನ್ನೋ ವ್ಯತ್ಯಾಸದ ಪರೀಕ್ಷೆ ಬಿಡಲೇಬ್ಯಾಡ್ರಿ. ಹುಟ್ಟಿನಿಂದಲೇ ಕೆಲವರಲ್ಲಿ ಆ ಟ್ರೇಸರ್ ಸರಿಯಾಗಿ ಅಂಟಂಗಿಲ್ಲ. ಪರೀಕ್ಷೆ ಇಲ್ಲದಿದ್ರ ಉರಿಯೂತನೇ ಇಲ್ಲ ಅಂತ ಬರೆದುಬಿಡ್ತೀರಿ.

ರಕ್ತದಾಗ ಟ್ರೇಸರ್ ಎಷ್ಟದ ಅಂತ ಅಳೆಯಾಕ ಮಣಿಕಟ್ಟಿನ ಧಮನಿಗೆ ಸೂಜಿ ಹಾಕುವಾಗ ಮಲಗಿದವರ ಬೆರಳು ತಣ್ಣಗಾಗಿರ್ತಾವ. ಆ ಕೈ ಹಿಡ್ಕೊಂಡು, ಮುಂದೇನು ಮಾಡ್ತೀವಿ ಅಂತ ಅವರ ಭಾಷೆಯಾಗ ಹೇಳ್ರಿ.